ಆರುನೂರು ಪಾಯಿಂಟಿನ ಲಿಫ್ಟರ್

ಅಣ್ಣ ಗಲ್ಫ್‌ನಿಂದ ಮರಳಿದ ವರ್ಷ ನನಗೆ ಇಪ್ಪತ್ತೆರಡು ತುಂಬಿತ್ತು. ಬಿ.ಕಾಂ. ಮುಗಿಸಿ, ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಅಪ್ಪನ ಕೊಡೆ ಮತ್ತು ಬ್ಯಾಗಿನ ಅಂಗಡಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ಮಳೆಗಾಲದಲ್ಲಿ ಪುರುಸೊತ್ತಿಲ್ಲದ ವ್ಯಾಪಾರ, ಉಳಿದ ಎಂಟು ತಿಂಗಳು ಎದುರಿನ ಬಸ್ ಸ್ಟ್ಯಾಂಡಿನಲ್ಲಿ ಕ್ಲೀನರುಗಳು ಊರಿನ ಹೆಸರು ಕೂಗುವುದನ್ನು ಕೇಳುತ್ತಾ ಕೂರುವ ಕೆಲಸ. ಯಾವ ಬಸ್ಸು ಎಷ್ಟು ಹೊತ್ತಿಗೆ ಬೆಳ್ತಂಗಡಿಗೆ ಹೊರಡುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು.

ಅಣ್ಣನಿಗೆ ಚಿಕ್ಕಂದಿನಿಂದಲೂ ವಾಲಿಬಾಲ್ ಹುಚ್ಚು. ಗಲ್ಫ್‌ನಲ್ಲಿ ಹನ್ನೊಂದು ವರ್ಷ ಇದ್ದು ಬಂದರೂ ಆ ಹುಚ್ಚು ಬಿಸಿಲಿಗೆ ಒಣಗಿರಲಿಲ್ಲ. ಆ ಹೊತ್ತಿಗೆ ಟೀವಿಯಲ್ಲಿ ಕ್ರಿಕೆಟ್ ಆಟಗಾರರನ್ನು ಏಲಂ ಕೂಗುವುದನ್ನು ಎಲ್ಲರೂ ಬಾಯಿ ಬಿಟ್ಟು ನೋಡಿದ್ದರು. ನಾವೂ ಹಾಗೆಯೇ ಮಾಡುವ ಎಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕೆಲವರು ಸೇರಿ ಒಂದು ಕಮಿಟಿ ಮಾಡಿದರು. ಎಂಟು ತಂಡ, ಎಂಟು ಯಜಮಾನರು; ಬಿ.ಸಿ.ರೋಡಿನ ತಂಡಕ್ಕೆ ಅಣ್ಣ. ದುಡ್ಡಿನ ಏಲಂ ಅಲ್ಲ, ಪಾಯಿಂಟಿನ ಏಲಂ. ಒಂದೊಂದು ತಂಡಕ್ಕೆ ಒಂದು ಸಾವಿರ ಪಾಯಿಂಟ್. ಅದರೊಳಗೆ ಎಂಟು ಆಟಗಾರರನ್ನು ಕೂಗಿ ತೆಗೆದುಕೊಳ್ಳಬೇಕು. ಯಾವ ಕಾರಣಕ್ಕೂ ಸಾವಿರ ದಾಟುವ ಹಾಗಿಲ್ಲ. ಕೈಯಲ್ಲಿ ಹೆಚ್ಚು ದುಡ್ಡು ಓಡಾಡುವವನು ಒಳ್ಳೆಯವರನ್ನೆಲ್ಲ ಬಾಚಿಕೊಂಡು ಹೋಗಬಾರದು ಎಂಬುದು ಕಮಿಟಿಯ ಅಧ್ಯಕ್ಷರಾಗಿದ್ದ ನಿವೃತ್ತ ಡ್ರಿಲ್ ಮಾಸ್ಟ್ರ ಯೋಚನೆ.

ಏಲಂ ನಡೆದದ್ದು ಬಿ.ಸಿ.ರೋಡಿನ ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ. ಅಣ್ಣ ನನ್ನನ್ನು ಜೊತೆಗೆ ಕರೆದುಕೊಂಡು ಹೋದ. ಅವನ ಅಕ್ಷರ ಅವನಿಗೇ ಓದಲು ಬರುತ್ತಿರಲಿಲ್ಲ, ಕೂಡಿಸುವುದು ಅದಕ್ಕಿಂತ ಕಷ್ಟ. ಗಂಡಸರೇ ತುಂಬಿದ್ದ ಆ ಮಾಳಿಗೆಯಲ್ಲಿ ನಾನೊಬ್ಬಳೇ ಹುಡುಗಿ. ಮಾಸ್ಟ್ರು ಒಮ್ಮೆ ಕನ್ನಡಕದ ಮೇಲಿನಿಂದ ನೋಡಿದರು, ಕೈಯಲ್ಲಿ ನೋಟ್‌ಬುಕ್ ಕಂಡ ಮೇಲೆ ಸುಮ್ಮನಾದರು. ನಿಯಮಗಳ ಪುಸ್ತಕವನ್ನು ಪ್ರತಿ ತಂಡಕ್ಕೂ ಒಂದೊಂದು ಕೊಟ್ಟರು. ಹದಿನಾಲ್ಕು ನಿಯಮ, ಸೈಕ್ಲೋಸ್ಟೈಲ್ ಮಾಡಿದ ಹಾಗೆ ಮಸುಕಾದ ಜೆರಾಕ್ಸ್. ಉಳಿದ ಏಳು ಯಜಮಾನರು ಅದನ್ನು ಮಡಚಿ ಗಾಳಿ ಹಾಕಿಕೊಂಡರು. ನಾನು ಓದಿದೆ.

ಮೊದಲು ಬಂದ ಹೆಸರೇ ಆ ಲಿಫ್ಟರನದು. ವಾಲಿಬಾಲಿನಲ್ಲಿ ಚೆಂಡನ್ನು ಹೊಡೆಯುವವನು ಅಟ್ಯಾಕರ್; ಅವನಿಗೆ ಹೊಡೆಯಲು ಬೇಕಾದ ಹಾಗೆ ಬಲೆಯ ಪಕ್ಕದಲ್ಲಿ ಚೆಂಡನ್ನು ಎತ್ತಿ ಕೊಡುವವನು ಲಿಫ್ಟರ್. ಇಡೀ ತಂಡದ ಆಟ ಅವನ ಹತ್ತು ಬೆರಳಿನಲ್ಲಿ ಇರುತ್ತದೆ. ಇವನು ಚಾರ್ಮಾಡಿ ಘಾಟಿಯ ಬುಡದ ಹುಡುಗ. ಬೆಳಿಗ್ಗೆ ಮನೆಯ ರಬ್ಬರ್ ಮರಗಳ ಹಾಲು ತೆಗೆಯುವ ಟ್ಯಾಪಿಂಗ್ ಮುಗಿಸಿ ಆಡಲು ಬರುವವನು. ಇಪ್ಪತ್ತನಾಲ್ಕು ವರ್ಷವಿರಬೇಕು. ಅವನ ಕೈಯಿಂದ ಚೆಂಡು ಹೊರಡುವಾಗ ಸದ್ದೇ ಬರುವುದಿಲ್ಲ ಎಂದು ಮೂರೂ ಊರಿನಲ್ಲಿ ಮಾತಿತ್ತು. ಇನ್ನೂರಕ್ಕೆ ಶುರುವಾದ ಕೂಗು ನಾನೂರು ದಾಟಿತು. ನಾನು ಅಣ್ಣನ ತೋಳು ಚಿವುಟಿದೆ. ಅವನು ಅದನ್ನು ಪ್ರೋತ್ಸಾಹ ಎಂದು ತಿಳಿದುಕೊಂಡು ನೇರವಾಗಿ ಆರುನೂರು ಎಂದ. ಅದರ ಮೇಲೆ ಯಾರೂ ಕೂಗಲಿಲ್ಲ, ಮಾಸ್ಟ್ರು ಅವನ ಹೆಸರನ್ನು ನಮ್ಮ ತಂಡಕ್ಕೆ ಬರೆದರು.

ಉಳಿದ ನಾನೂರರಲ್ಲಿ ಏಳು ಮಂದಿಯನ್ನು ತೆಗೆದುಕೊಳ್ಳಬೇಕಾಗಿತ್ತು. ತೆಗೆದುಕೊಂಡೆವು. ಕನ್ಯಾನದ ಒಬ್ಬ, ಬಹಳ ಎತ್ತರಕ್ಕೆ ಹಾರುತ್ತಿದ್ದ, ಆದರೆ ಎಲ್ಲಿ ಇಳಿಯುತ್ತಾನೆ ಎಂದು ಅವನಿಗೇ ಗೊತ್ತಿರಲಿಲ್ಲ. ಬೆಳ್ತಂಗಡಿ ಲೈನಿನ ಪ್ರೈವೇಟ್ ಬಸ್ಸಿನ ಒಬ್ಬ ಕಂಡಕ್ಟರ್. ಕೊನೆಗೆ ಇಪ್ಪತ್ತೇ ಪಾಯಿಂಟಿಗೆ ಬಂಟ್ವಾಳ ಪೇಟೆಯ ಬೇಕರಿಯವನು. ಅವನ ಹೊಟ್ಟೆ ಅವನಿಗಿಂತ ಅರ್ಧ ಹೆಜ್ಜೆ ಮುಂಚೆ ಕೋರ್ಟಿಗೆ ಬರುತ್ತಿತ್ತು. ಲೆಕ್ಕ ಸರಿಯಾಗಿ ಸಾವಿರಕ್ಕೆ ನಿಂತಿತು. ಅಣ್ಣ ಮನೆಗೆ ಬಂದು, ಟ್ರೋಫಿ ಇಡಲು ಶೋಕೇಸಿನಲ್ಲಿದ್ದ ಪಿಂಗಾಣಿ ಬಟ್ಟಲುಗಳನ್ನು ತೆಗೆದು ಜಾಗ ಮಾಡಿದ. ಅಮ್ಮ ಅವನ್ನು ಮತ್ತೆ ಅಲ್ಲೇ ಇಟ್ಟಳು.

ಆಟ ಪ್ರತಿ ಭಾನುವಾರ ಮಧ್ಯಾಹ್ನ, ಒಂದೊಂದು ವಾರ ಒಂದೊಂದು ಶಾಲೆಯ ಮೈದಾನದಲ್ಲಿ. ಮೊದಲ ಮೂರು ಪಂದ್ಯದಲ್ಲಿ ಎರಡು ಸೋತೆವು. ತಪ್ಪು ಲಿಫ್ಟರನದಲ್ಲ. ಅವನು ಎತ್ತಿ ಕೊಡುತ್ತಿದ್ದ ಚೆಂಡು ಅಷ್ಟು ಚುರುಕು, ಅಷ್ಟು ತಗ್ಗು. ನಮ್ಮವರು ಓಡಿ ಬಂದು ಹಾರುವಷ್ಟರಲ್ಲಿ ಅದು ಅಲ್ಲಿಂದ ದಾಟಿ ಹೋಗಿರುತ್ತಿತ್ತು. ಕನ್ಯಾನದವನು ಗಾಳಿಯಲ್ಲಿ ಕೈ ಬೀಸಿ ಖಾಲಿ ಇಳಿಯುತ್ತಿದ್ದ. ಚೆಂಡು ತನ್ನಷ್ಟಕ್ಕೆ ನೆಲಕ್ಕೆ ಬೀಳುತ್ತಿತ್ತು. ಎದುರಿನವರು ಏನೂ ಮಾಡದೆ ಅಂಕ ಪಡೆಯುತ್ತಿದ್ದರು.

ಲಿಫ್ಟರ್ ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದ, ಅಷ್ಟೆ. ನಾಲ್ಕನೇ ವಾರ ಪ್ರಾಕ್ಟೀಸಿಗೆ ಬರಲಿಲ್ಲ. ಐದನೇ ವಾರ ಬಂದ, ಆದರೆ ಯಾರಿಗೂ ಎತ್ತಿ ಕೊಡದೆ ತಾನೇ ಬಲೆಯ ಆಚೆ ಚೆಂಡು ನೂಕುತ್ತಾ ನಿಂತ. ಅಣ್ಣನಿಗೆ ನಿದ್ದೆ ಹೋಯಿತು. ಬಸ್ಸಿನ ಪ್ರಯಾಣ ಉದ್ದವಾಯಿತೇನೋ ಎಂದು ವ್ಯಾನ್ ಕಳುಹಿಸಿದ. ಶೂ ಕಚ್ಚುತ್ತಿರಬಹುದು ಎಂದು ಹೊಸ ಶೂ ತಂದ. ಹಸಿವೆ ಇರಬಹುದು ಎಂದು ಅಮ್ಮನ ಕೈಯಿಂದ ಬಿರಿಯಾನಿ ಮಾಡಿಸಿ ಮೈದಾನಕ್ಕೆ ಹೊತ್ತುಕೊಂಡು ಹೋದ. ಲಿಫ್ಟರ್ ಶೂ ಹಾಕಿಕೊಂಡ, ಬಿರಿಯಾನಿ ತಿಂದ, ಥ್ಯಾಂಕ್ಸ್ ಹೇಳಿದ. ಮುಖ ಮಾತ್ರ ಹಾಗೇ ಇತ್ತು. ಬಿರಿಯಾನಿಯ ದೆಸೆಯಿಂದ ಬೇಕರಿಯವನು ಒಂದು ದಿನವೂ ಪ್ರಾಕ್ಟೀಸ್ ತಪ್ಪಿಸಲಿಲ್ಲ.

ಮರುವಾರ ಒಂದು ಮಧ್ಯಾಹ್ನ ಲಿಫ್ಟರ್ ನಮ್ಮ ಅಂಗಡಿಗೆ ಬಂದ. ತಾಯಿಗೆ ಒಂದು ಕೊಡೆ ಬೇಕಿತ್ತಂತೆ. ಮಳೆಯಿಲ್ಲದ ತಿಂಗಳಿನಲ್ಲಿ ಕೊಡೆ ಕೇಳುವವನಿಗೆ ಬೇರೆ ಏನೋ ಹೇಳಲಿಕ್ಕಿದೆ ಎಂದು ನನಗೆ ಅನಿಸಿತು. ನಾಲ್ಕು ಕೊಡೆ ಬಿಡಿಸಿ ತೋರಿಸಿದೆ. ಅವನು ನಾಲ್ಕನ್ನೂ ಮಡಚಿದ.

"ಅಕ್ಕ, ನಿಮ್ಮ ಅಣ್ಣನ ಮುಖ ನೋಡಿ ಹೇಳ್ಲಿಕ್ಕೆ ಆಗುದಿಲ್ಲ," ಎಂದ. "ಅವರು ತುಂಬ ಒಳ್ಳೆಯವರು. ಅದೇ ದೊಡ್ಡ ಕಷ್ಟ."

ಹೇಳಿ, ನಾನು ಅಣ್ಣನಿಗೆ ಹೇಳ್ತೇನೆ ಎಂದೆ.

"ಮೂಡ್ಬಿದ್ರೆ ಟೀಮಲ್ಲಿ ಒಬ್ಬ ಅಟ್ಯಾಕರ್ ಇದ್ದಾನಲ್ಲ, ಎಡಗೈಯವ. ನಾವಿಬ್ಬರು ಹೈಸ್ಕೂಲಿಂದ ಒಟ್ಟಿಗೆ ಆಡಿದ್ದು. ನಾನು ಎತ್ತುವ ಮೊದಲೇ ಅವ ಹಾರಿ ಆಗಿರ್ತದೆ. ಅವನಿಗೆ ಕೊಟ್ಟು ಕೊಟ್ಟು ನನ್ನ ಕೈ ಹಾಗೇ ಆಗಿದೆ ಅಕ್ಕ. ಬೇರೆಯವರಿಗೆ ನಿಧಾನ ಕೊಡುವ ಅಂತ ನೋಡ್ತೇನೆ, ಬೆರಳು ಕೇಳುದಿಲ್ಲ. ಇವರಿಗೂ ಬೇಜಾರು, ನನಗೂ ಬೇಜಾರು."

ಅಷ್ಟೇ ವಿಷಯ. ಬಸ್ಸೂ ಅಲ್ಲ, ಶೂವೂ ಅಲ್ಲ. ಕೊಡೆಯನ್ನೂ ಕೊಂಡುಕೊಂಡೇ ಹೋದ; ನೇರಳೆ ಬಣ್ಣದ್ದು.

ಅಣ್ಣನಿಗೆ ಇದನ್ನು ಹೇಳಿದೆ. ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ ಭಾಷೆ. ಆ ದಿನ ಅವನು ಹೇಳಿದ್ದನ್ನು ಕನ್ನಡಕ್ಕೆ ತಂದರೆ, ಮನಸ್ಸಿಲ್ಲದವನನ್ನು ಹಿಡಿದಿಟ್ಟುಕೊಂಡು ನಾನೇನು ಉಪ್ಪಿನಕಾಯಿ ಹಾಕಬೇಕೇ, ಮೂಡುಬಿದಿರೆಯವರಿಗೇ ಕೊಟ್ಟುಬಿಡುವ, ಎಂದ ಹಾಗಾಗುತ್ತದೆ. ಕೊಡುವುದು ಅವನ ಸ್ವಭಾವ. ಆದರೆ ನನಗೆ ಹನ್ನೊಂದನೇ ನಿಯಮ ನೆನಪಾಯಿತು.

ಪಂದ್ಯಾವಳಿಯ ನಡುವೆ ಆಟಗಾರನನ್ನು ಬೇರೆ ತಂಡಕ್ಕೆ ಬಿಟ್ಟುಕೊಡಬಹುದು. ಆದರೆ ಅವನ ಪಾಯಿಂಟಿನಲ್ಲಿ ಅರ್ಧ ಬಿಟ್ಟುಕೊಟ್ಟ ತಂಡದ ತಲೆಯ ಮೇಲೆಯೇ ಉಳಿಯುತ್ತದೆ, ಇನ್ನರ್ಧ ತೆಗೆದುಕೊಂಡವರ ಲೆಕ್ಕಕ್ಕೆ ಸೇರುತ್ತದೆ. ಫೈನಲಿನ ಮೊದಲು ಗೆಳೆಯ ಗೆಳೆಯನಿಗೆ ಒಳ್ಳೆಯ ಆಟಗಾರರನ್ನು ದಾನ ಮಾಡಬಾರದು ಎಂದು ಮಾಸ್ಟ್ರು ಹಾಕಿದ ಬೇಲಿ ಅದು. ಅಂದರೆ ಲಿಫ್ಟರ್ ಹೋದರೂ ಮುನ್ನೂರು ಪಾಯಿಂಟ್ ನಮ್ಮ ಸಾವಿರದಲ್ಲಿ ಸತ್ತ ಹಾಗೆ ಬಿದ್ದಿರುತ್ತದೆ. ಮನುಷ್ಯ ಮೂಡುಬಿದಿರೆಯಲ್ಲಿ ಆಡುತ್ತಾನೆ, ಅವನ ಭಾರ ಬಿ.ಸಿ.ರೋಡಿನಲ್ಲಿ ಕೂತಿರುತ್ತದೆ.

ಇನ್ನೊಂದು ತೊಡಕು. ಮೂಡುಬಿದಿರೆಯವರು ಆಗಲೇ ಒಂಬೈನೂರ ಎಂಬತ್ತು ಪಾಯಿಂಟ್ ಮುಗಿಸಿದ್ದರು. ಲಿಫ್ಟರನ ಮುನ್ನೂರಕ್ಕೆ ಅವರಲ್ಲಿ ಜಾಗ ಎಲ್ಲಿ? ಇದ್ದದ್ದು ಇಪ್ಪತ್ತು. ಇನ್ನು ಇನ್ನೂರ ಎಂಬತ್ತು ಖಾಲಿ ಮಾಡಬೇಕು. ಅವರು ಯಾರನ್ನಾದರೂ ನಮಗೆ ಬಿಟ್ಟರೂ ಅರ್ಧ ಅವರ ತಲೆಯ ಮೇಲೆಯೇ ನಿಲ್ಲುತ್ತದಲ್ಲ. ಹಾಗಾಗಿ ಇನ್ನೂರ ಎಂಬತ್ತು ಖಾಲಿಯಾಗಬೇಕಾದರೆ ಐನೂರ ಅರವತ್ತು ಪಾಯಿಂಟಿನ ಆಟಗಾರರನ್ನು ಕಳುಹಿಸಬೇಕು.

ಅಂಗಡಿಯಲ್ಲಿ ಕುಳಿತು ಇಷ್ಟು ಬರೆದು ನಾನು ಪೆನ್ನು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಐನೂರ ಅರವತ್ತರ ಆಟಗಾರರು ನಮಗೆ ಬಂದರೆ ನಮ್ಮ ಲೆಕ್ಕಕ್ಕೆ ಸೇರುವುದು ಅದರ ಅರ್ಧ, ಇನ್ನೂರ ಎಂಬತ್ತು ಮಾತ್ರ. ನಮ್ಮ ಏಳು ಮಂದಿಯ ನಾನೂರು, ಸತ್ತ ಮುನ್ನೂರು, ಈ ಇನ್ನೂರ ಎಂಬತ್ತು. ಕೂಡಿಸಿದೆ. ಒಂಬೈನೂರ ಎಂಬತ್ತು. ಇನ್ನೊಮ್ಮೆ ಕೂಡಿಸಿದೆ, ಅಷ್ಟೇ ಬಂತು. ಯಾರೋ ಒಬ್ಬರು ಬ್ಯಾಗಿನ ಜಿಪ್ ಸರಿಮಾಡಿಸಲು ಬಂದು ನಿಂತಿದ್ದರು. ನಾನು ಅವರಿಗೆ ಸಾವಿರದೊಳಗೇ ಉಂಟು ಎಂದೆ. ಅವರು ಅಷ್ಟಾಗುತ್ತದಾ ಎಂದು ಹೆದರಿ ಬ್ಯಾಗ್ ತೆಗೆದುಕೊಂಡು ಹೋದರು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಾಲೇಜಿನಲ್ಲಿ ಮೂರು ವರ್ಷ ಕೂಡಿಸಿ ಕಳೆದ ಯಾವ ಲೆಕ್ಕವೂ ಅಷ್ಟು ಚಂದ ಕೂಡಿ ಬಂದಿರಲಿಲ್ಲ.

ಮರುದಿನವೇ ಅಣ್ಣ ನನ್ನನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಮೂಡುಬಿದಿರೆಗೆ ಹೋದ. ಅಲ್ಲಿಯ ತಂಡದ ಯಜಮಾನರು ಟೈಲ್ಸ್ ಮತ್ತು ಪೈಪಿನ ವ್ಯಾಪಾರಿ, ಐವತ್ತು ದಾಟಿದವರು, ಅಂಗಡಿಯಷ್ಟೇ ಅಗಲ ಇದ್ದರು. ಎಡಗೈ ಅಟ್ಯಾಕರನಿಗೆ ಸರಿಯಾಗಿ ಎತ್ತಿ ಕೊಡುವವರಿಲ್ಲದೆ ಅವರ ತಂಡವೂ ಸೋಲುತ್ತಿತ್ತು. ವಿಷಯ ಕೇಳಿದ ಕೂಡಲೇ ಅವರ ಕಣ್ಣು ಹೊಳೆಯಿತು, ಲೆಕ್ಕ ಕೇಳಿದ ಕೂಡಲೇ ಮಂಕಾಯಿತು. ನಾನು ಒಂದು ಟೈಲ್ಸಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದೆ. ಬಲೆಯ ಮೇಲೆ ಚೆಂಡು ತಡೆಯುವ, ಇನ್ನೂರ ನಲವತ್ತು ಪಾಯಿಂಟಿನ ಎತ್ತರದ ಬ್ಲಾಕರ್, ನೂರ ಎಂಬತ್ತರ ಬಲಗೈ ಅಟ್ಯಾಕರ್, ನೂರ ನಲವತ್ತರ ಹಿಂದಿನ ಸಾಲಿನವನು. ಮೂವರು ಸೇರಿ ಐನೂರ ಅರವತ್ತು. ಅವರನ್ನು ಕೊಟ್ಟು ಲಿಫ್ಟರನನ್ನು ತೆಗೆದುಕೊಂಡರೆ ಮೂಡುಬಿದಿರೆಯ ಲೆಕ್ಕ ಸಾವಿರಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆ, ಒಂದು ಪಾಯಿಂಟ್ ಆಚೆಯಿಲ್ಲ, ಈಚೆಯಿಲ್ಲ.

ಅವರು ಟೈಲ್ಸನ್ನು ಬಹಳ ಹೊತ್ತು ನೋಡಿದರು. "ಮೂರು ಜನ ಹೋದರೆ, ಒಬ್ಬ ಬಂದರೆ, ನಮ್ಮಲ್ಲಿ ಉಳಿಯುದು ಆರೇ ಜನ ಅಲ್ವಾ ಮಗಳೇ?"

"ಆಟಕ್ಕೆ ಬೇಕಾದ್ದು ಆರೇ ಅಲ್ವಾ?" ಎಂದೆ.

ಅವರು ನಕ್ಕರು. ಇವಳಿಗೆ ಎಲ್ಲಿ ಕಲಿಸಿದ್ದು ಮಾರಾಯ, ಎಂದು ಅಣ್ಣನನ್ನು ಕೇಳಿದರು. ಅಣ್ಣ ತಾನೇ ಕಲಿಸಿದವನ ಹಾಗೆ ಮುಖ ಮಾಡಿದ. ಎಳನೀರು ತರಿಸಿದರು, ಕೈ ಕುಲುಕಿದರು. ಆ ಟೈಲ್ಸನ್ನು ನನಗೇ ಕೊಟ್ಟರು.

ಕಮಿಟಿಯಲ್ಲಿ ಮಾಸ್ಟ್ರು ಹನ್ನೊಂದನೇ ನಿಯಮವನ್ನು ಮೂರು ಸಲ ಓದಿದರು. ಅವರು ಹಾಕಿದ ಬೇಲಿಯಲ್ಲಿ ಎರಡು ಕಡೆಯಿಂದಲೂ ಗೇಟು ಇದೆ ಎಂದು ಅವರಿಗೆ ಆಗ ಗೊತ್ತಾಯಿತು. ಒಪ್ಪಿ ಸೀಲು ಹಾಕಿದರು.

ಊರವರು ಅಣ್ಣನನ್ನು ತಮಾಷೆ ಮಾಡಿದರು. ಚಿನ್ನ ಕೊಟ್ಟು ಸಗಣಿ ತಂದ ಎಂದು ಎದುರಿನ ಜ್ಯೂಸ್ ಅಂಗಡಿಯವನು ಹೇಳಿದ್ದು ನನ್ನ ಕಿವಿಗೂ ಬಿತ್ತು. ಮುಖ್ಯ ಪ್ರಶ್ನೆ, ಇನ್ನು ನಮ್ಮಲ್ಲಿ ಎತ್ತಿ ಕೊಡುವವರು ಯಾರು? ಹತ್ತು ಮಂದಿ ಇದ್ದೆವು, ಲಿಫ್ಟರ್ ಒಬ್ಬನೂ ಇರಲಿಲ್ಲ. ಕೊನೆಗೆ ಕಂಡಕ್ಟರ್ ತಾನು ನೋಡ್ತೇನೆ ಎಂದ. ಅವನು ಎತ್ತಿದ ಚೆಂಡು ಮೇಲಕ್ಕೆ ಹೋಗಿ, ಅಲ್ಲಿ ಸ್ವಲ್ಪ ಯೋಚನೆ ಮಾಡಿ, ನಿಧಾನ ಇಳಿಯುತ್ತಿತ್ತು. ನಮ್ಮವರಿಗೆ ಅದೇ ಬೇಕಾಗಿತ್ತು. ಬಸ್ಸಿಗೆ ಕಾಯುವ ಹಾಗೆ ಅದರ ಕೆಳಗೆ ನಿಂತು ಕಾಯಬಹುದಿತ್ತು. ಕನ್ಯಾನದವನು ಮೊದಲ ಬಾರಿಗೆ ಹಾರಿದ ಜಾಗದಲ್ಲೇ ಚೆಂಡು ಕಂಡು, ಬಡಿದ ಬಡಿತಕ್ಕೆ ಅದು ಶಾಲೆಯ ಬಿಸಿಯೂಟದ ಕೋಣೆಯೊಳಗೆ ಹೋಗಿ ಬಿತ್ತು. ಆ ಭಾನುವಾರ ಗೆದ್ದೆವು. ಮುಂದಿನದ್ದೂ ಗೆದ್ದೆವು. ಮೂಡುಬಿದಿರೆಯಿಂದ ಬಂದ ಮೂವರೂ ಮೊದಲ ದಿನ ಮುಖ ಊದಿಸಿಕೊಂಡಿದ್ದರು, ಬಿರಿಯಾನಿಯ ದಿನದಿಂದ ನಮ್ಮವರೇ ಆದರು.

ಅತ್ತ ಮೂಡುಬಿದಿರೆಯವರ ಆಟ ನೋಡಲು ಜನ ಬಸ್ಸು ಹತ್ತಿ ಹೋಗತೊಡಗಿದರು. ನಾನೂ ಅಮ್ಮನೊಂದಿಗೆ ಒಮ್ಮೆ ಹೋಗಿ ಶಾಲೆಯ ಜಗಲಿಯಲ್ಲಿ ಕುಳಿತು ನೋಡಿದೆ. ಲಿಫ್ಟರ್ ಚೆಂಡು ಮುಟ್ಟುವ ಮೊದಲೇ ಎಡಗೈಯವನು ಗಾಳಿಯಲ್ಲಿ ಇರುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೂ ಇರಲಿಲ್ಲ. ಒಂದು ಅಂಕ ಬಂದಾಗ ಲಿಫ್ಟರ್ ನಕ್ಕ. ಅವನಿಗೆ ಅಷ್ಟು ದೊಡ್ಡ ಹಲ್ಲುಗಳಿವೆ ಎಂದು ನನಗೆ ಅಂದೇ ಗೊತ್ತಾದದ್ದು.

ಫೈನಲಿಗೆ ಬಂದದ್ದು ನಾವೂ ಅವರೂ. ಬೆಳ್ತಂಗಡಿಯ ಮೈದಾನ, ಬೆಳಿಗ್ಗೆ ಸೆಮಿಫೈನಲುಗಳು, ಮಧ್ಯಾಹ್ನ ಮೂರಕ್ಕೆ ಫೈನಲ್. ವಾಲಿಬಾಲನ್ನು ಚೆಂಡಿನ ಬೇಸಾಯ ಎಂದು ಬೈಯುತ್ತಿದ್ದ ಅಪ್ಪನೂ ಅಂಗಡಿ ಮುಚ್ಚಿ ಬಂದಿದ್ದರು. ಆದರೆ ಸೆಮಿಫೈನಲಿನ ಕೊನೆಯಲ್ಲಿ ಮೂಡುಬಿದಿರೆಯ ಒಬ್ಬನ ಪಾದ ಹೊರಳಿ, ಮಧ್ಯಾಹ್ನಕ್ಕೆ ಅದು ಎಳೆ ಹಲಸಿನಕಾಯಿಯ ಹಾಗೆ ಊದಿಕೊಂಡಿತು. ಅವರಲ್ಲಿ ಉಳಿದದ್ದು ಐವರು. ಹೊರಗೆ ಕಾಯುವವನೇ ಇಲ್ಲ. ಆರು ಜನ ಇಲ್ಲದಿದ್ದರೆ ಆಟವಿಲ್ಲ, ಟ್ರೋಫಿ ಬಿ.ಸಿ.ರೋಡಿಗೆ ಎಂದು ಮಾಸ್ಟ್ರು ಬೇಸರದಿಂದಲೇ ಹೇಳಿದರು.

ಅಣ್ಣ ಒಪ್ಪಲಿಲ್ಲ. ಇಷ್ಟು ಜನ ಬಂದದ್ದು ಕಪ್ ಎತ್ತುವುದನ್ನು ನೋಡಲಿಕ್ಕಾ, ಆಟ ನೋಡಲಿಕ್ಕಾ ಎಂದು ಕೇಳಿದ. ನಮ್ಮ ಬೇಕರಿಯವನನ್ನು ಅವರಿಗೆ ಬಿಟ್ಟುಕೊಡುತ್ತೇನೆ ಎಂದ. ಬೇಕರಿಯವನೂ ಹೋಗಲು ತಯಾರು. ಆದರೆ ಇಪ್ಪತ್ತರ ಅರ್ಧ ಹತ್ತು. ಮೂಡುಬಿದಿರೆಯ ಲೆಕ್ಕ ಸಾವಿರಕ್ಕೆ ತುಂಬಿ ನಿಂತಿತ್ತು, ಹತ್ತು ಪಾಯಿಂಟಿಗೂ ಜಾಗವಿರಲಿಲ್ಲ. ಹಾಗೆ ತುಳುಕುವವರೆಗೆ ತುಂಬಿಸಿದವಳು ನಾನೇ. ಎಲ್ಲರೂ ನನ್ನ ಕಡೆ ನೋಡಿದರು.

ನನಗೆ ಉತ್ತರ ಗೊತ್ತಿತ್ತು. ಮೂರನೇ ನಿಯಮದ ಕೊನೆಯ ಸಾಲು, ಜೆರಾಕ್ಸಿನಲ್ಲಿ ಅರ್ಧ ಅಳಿಸಿಹೋದದ್ದು. ಬರೆದ ಮಾಸ್ಟ್ರಿಗೂ ಅದು ಮರೆತಿತ್ತು; ಓದಿ ನೆನಪಿಟ್ಟವಳು ಮೈದಾನದಲ್ಲಿ ನಾನೊಬ್ಬಳೇ. ಬಾಯಿ ಮುಚ್ಚಿಕೊಂಡರೆ ಟ್ರೋಫಿ ನಮ್ಮದು, ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಲಿಫ್ಟರ್ ಮಾತ್ರ ನೋಡುತ್ತಿರಲಿಲ್ಲ. ಅವನು ಬಲೆಯ ಹತ್ತಿರ ಎಡಗೈಯವನ ಜೊತೆ ಕುಕ್ಕರುಗಾಲಿನಲ್ಲಿ ಕುಳಿತು ಹುಲ್ಲು ಕೀಳುತ್ತಿದ್ದ.

"ಯಜಮಾನ ಸ್ವತಃ ಆಡಬಹುದು," ಎಂದೆ. "ಯಜಮಾನನಿಗೆ ಪಾಯಿಂಟ್ ಇಲ್ಲ."

ಮಾಸ್ಟ್ರು ಪುಸ್ತಕ ತೆಗೆದು ಬೆಳಕಿಗೆ ಹಿಡಿದರು. ಆಮೇಲೆ ಎಲ್ಲರ ಕಣ್ಣು ಟೈಲ್ಸ್ ವ್ಯಾಪಾರಿಯ ಮೇಲೆ ತಿರುಗಿತು. ಅವರು ಹಿಂದೆ ತಿರುಗಿ ನೋಡಿದರು, ಅಲ್ಲಿ ಯಾರೂ ಇರಲಿಲ್ಲ. ಕಾಲೇಜಿನಲ್ಲಿ ಆಡಿದ್ದು, ಮೂವತ್ತು ವರ್ಷವಾಯಿತು ಎಂದರು. ಸಾಕು ಎಂದರು ಮಾಸ್ಟ್ರು. ಅವರ ಅಳತೆಯ ಚಡ್ಡಿ ಇಡೀ ಮೈದಾನದಲ್ಲಿ ಇದ್ದದ್ದು ನಮ್ಮ ಬೇಕರಿಯವನ ಹತ್ತಿರ ಒಂದೇ. ಅವನು ತನ್ನ ಎರಡನೇ ಚಡ್ಡಿಯನ್ನು ಕೊಟ್ಟ. ಯಜಮಾನರು ಪಂಚೆ ಬಿಚ್ಚಿ, ಶರ್ಟು ಸಿಕ್ಕಿಸಿ ಕೋರ್ಟಿಗೆ ಇಳಿದಾಗ ಎದ್ದ ಬೊಬ್ಬೆ ಗುರುವಾಯನಕೆರೆಯವರೆಗೆ ಕೇಳಿರಬೇಕು.

ಮೊದಲ ಸೆಟ್ ನಾವು ಗೆದ್ದೆವು. ಆಚೆ ಹೊಡೆಯುವ ಚೆಂಡನ್ನೆಲ್ಲ ನಮ್ಮವರು ಯಜಮಾನರ ಹೊಟ್ಟೆಗೇ ಗುರಿಯಿಡುತ್ತಿದ್ದರು. ಎರಡನೇ ಸೆಟ್‌ನಲ್ಲಿ ಲಿಫ್ಟರ್ ಅವರಿಗೆ ಒಂದೇ ಮಾತು ಹೇಳಿದ್ದು ನನಗೆ ಕೇಳಿತು: "ನೀವು ಸುಮ್ಮನೆ ನಿಲ್ಲಿ, ನಾವು ನಿಮ್ಮ ಸುತ್ತ ಆಡ್ತೇವೆ." ಹಾಗೆಯೇ ಆಡಿದರು. ಕಂಬದ ಸುತ್ತ ತಿರುಗಿದ ಹಾಗೆ ಐವರು ಅವರ ಸುತ್ತ ತಿರುಗಿದರು. ಆ ಸೆಟ್ ಅವರದ್ದಾಯಿತು.

ಮೂರನೇ ಸೆಟ್ ಹದಿನೈದು ಅಂಕಕ್ಕೆ. ಹನ್ನೆರಡಕ್ಕೆ ಹನ್ನೆರಡು ಆದಾಗ ಸರದಿ ತಿರುಗಿ ಯಜಮಾನರು ಬಲೆಯ ಹತ್ತಿರ ಬಂದಿದ್ದರು. ಚೆಂಡು ಲಿಫ್ಟರನ ಕೈಗೆ ಬಂತು. ಎಡಗೈಯವನು ಆಗಲೇ ಹಾರಿದ್ದ. ನಮ್ಮ ಬ್ಲಾಕರ್, ಕನ್ಯಾನದವನು, ಕಂಡಕ್ಟರ್ ಮೂವರೂ ಅವನ ಜೊತೆ ಹಾರಿದ್ದರು. ಲಿಫ್ಟರ್ ಹಿಂದಕ್ಕೆ ಬಾಗಿ, ನೋಡದೆ, ಚೆಂಡನ್ನು ತಲೆಯ ಮೇಲಿಂದ ಯಜಮಾನರಿಗೆ ಎತ್ತಿದ. ನಿಧಾನ. ಎತ್ತರ. ಅವನ ಬೆರಳು ಅಷ್ಟು ನಿಧಾನದ ಚೆಂಡನ್ನು ಅದಕ್ಕಿಂತ ಮೊದಲು ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಯಜಮಾನರು ಹಾರಿದರೋ ಇಲ್ಲವೋ ಎಂದು ಇಂದಿಗೂ ಚರ್ಚೆ ಇದೆ. ಹಿಮ್ಮಡಿ ಎದ್ದದ್ದು ನಾನು ಕಂಡಿದ್ದೇನೆ. ಅಂಗೈಯಿಂದ ಒಂದು ಬಾರಿಸಿದರು. ಚೆಂಡು ನಮ್ಮ ಬೇಕರಿಯವನ ಕಾಲ ಬುಡದಲ್ಲಿ ಗೆರೆಯ ಮೇಲೆ ಬಿತ್ತು. ಬೇಕರಿಯವನು ಅದನ್ನು ತಡೆಯುವ ಬದಲು ಚಪ್ಪಾಳೆ ತಟ್ಟುತ್ತಿದ್ದ.

ಹದಿನೈದು-ಹದಿಮೂರಕ್ಕೆ ಸೋತೆವು. ಸೋತವರು ಅಷ್ಟು ನಗುವುದನ್ನು ನಾನು ಮತ್ತೆ ಎಲ್ಲಿಯೂ ನೋಡಿಲ್ಲ. ಅಣ್ಣ ಬಲೆಯ ಅಡಿಯಿಂದ ನುಸುಳಿ ಹೋಗಿ ಲಿಫ್ಟರನನ್ನು ಎತ್ತಿ ತಿರುಗಿಸಿದ. ಯಜಮಾನರು ನೆಲದ ಮೇಲೆ ಕಾಲು ಚಾಚಿ ಕುಳಿತು, ನನ್ನ ಕಡೆ ಬೆರಳು ತೋರಿಸಿ ಏನೋ ಹೇಳಲು ನೋಡಿದರು, ಏದುಸಿರಿಗೆ ಮಾತು ಬರಲಿಲ್ಲ. ಮಾಸ್ಟ್ರು ಬಂದು, ಮುಂದಿನ ವರ್ಷದ ನಿಯಮ ನೀವೇ ಬರೆದು ಕೊಡಿ, ನನಗೆ ಸಾಕಾಯಿತು ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

ವಾಪಸು ಬರುವಾಗ ವ್ಯಾನಿನಲ್ಲಿ ಅಪ್ಪ ನನ್ನ ಪಕ್ಕ ಕುಳಿತಿದ್ದರು. ಆ ಸಾಲು ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿತ್ತು ಎಂದೆ. ಅವರು ತಲೆಯಾಡಿಸಿದರು. ಪುಂಜಾಲಕಟ್ಟೆ ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಾ, ಆ ನಿಧಾನದ ಚೆಂಡು ಭಾರೀ ಚಂದ ಇತ್ತು ಎಂದರು. ಹಿಂದಿನ ಸೀಟಿನಲ್ಲಿ ಕನ್ಯಾನದವನು ಯಜಮಾನರ ಹಾಗೆ ಹಾರಿ ತೋರಿಸಲು ಹೋಗಿ ತಲೆಯನ್ನು ವ್ಯಾನಿನ ತಗಡಿಗೆ ಬಡಿಸಿಕೊಂಡ.